ಹೆಸರು ಬಯಲು, ವಿಷಯ ಗುಟ್ಟು

ನಮ್ಮ ಸರಕಾರಿ ಕಚೇರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಪದ 'ಮೂಗರ್ಜಿ'. ಬರೆದವರ ಹೆಸರು, ವಿಳಾಸ, ರುಜು ಯಾವುದೂ ಇಲ್ಲದ ಅರ್ಜಿಗೆ ಗುಮಾಸ್ತರು ಇಟ್ಟ ಹೆಸರು ಅದು. ಮೂಕ ಅರ್ಜಿ ಎಂದು ಅರ್ಥ. ಆದರೆ ಅಂಥ ಅರ್ಜಿಯನ್ನು ಓದಿ ನೋಡಿದವರಿಗೆ ಅದು ಮೂಕವಲ್ಲ ಎಂಬುದು ಗೊತ್ತು. ಯಾವ ಕಾಮಗಾರಿ, ಯಾವ ಬಿಲ್ಲು, ಎಷ್ಟು ಚೀಲ ಸಿಮೆಂಟು ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ ಅದು ಒದರಿ ಹೇಳುತ್ತಿರುತ್ತದೆ. ಮೂಕವಾಗಿರುವುದು ಬರೆದವನ ಹೆಸರು ಮಾತ್ರ. ಆದರೂ ಮಾತಾಡುವ ಕಾಗದಕ್ಕೆ ನಾವು ಮೂಕತನವನ್ನು ಅಂಟಿಸಿ ಕಸದ ಬುಟ್ಟಿಗೆ ಹಾಕುತ್ತೇವೆ. ಹೆಸರಿಲ್ಲದ ದೂರುಗಳ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದೆಂದು ಕೇಂದ್ರ ಜಾಗೃತ ಆಯೋಗವೇ 1999ರಲ್ಲಿ ಸುತ್ತೋಲೆ ಹೊರಡಿಸಿತ್ತು.

ಮೊದಲು ಉರ್ದು, ಆಮೇಲೆ ಕನ್ನಡ ಶಾಲೆಯಲ್ಲಿ ಕಲಿತ ನಾನು ಎರಡೂ ಭಾಷೆಗಳಲ್ಲಿ ಇಂಥವರಿಗೊಂದು ಗೌರವದ ಹೆಸರು ಇದೆಯೇ ಎಂದು ಹುಡುಕಿದ್ದೇನೆ. ಒಳಗಿನ ಅನ್ಯಾಯವನ್ನು ಹೊರಗೆ ಹೇಳುವವನನ್ನು ಇಂಗ್ಲಿಷಿನವರು 'ವಿಷಲ್ ಬ್ಲೋವರ್' ಎನ್ನುತ್ತಾರೆ. ನಾವು ಅದನ್ನೇ ಎತ್ತಿಕೊಂಡು ಬಳಸುತ್ತಿದ್ದೇವೆ. ಉರ್ದುವಿನಲ್ಲಿ ಥಟ್ಟನೆ ಬಾಯಿಗೆ ಬರುವುದು 'ಮುಖ್ಬಿರ್'. ಪೊಲೀಸರಿಗೆ ಸುದ್ದಿ ಮುಟ್ಟಿಸುವವನು ಎಂಬ ಹೀನಾರ್ಥವೇ ಅದರಲ್ಲಿ ಮುಂದಾಗಿದೆ. ಮನೆಮಾತಿನಲ್ಲಿ 'ಚುಗಲ್‌ಖೋರ್'. ಕನ್ನಡದಲ್ಲಿ 'ಚಾಡಿಕೋರ'. ಈ 'ಕೋರ' ನಮಗೆ ಫಾರ್ಸಿಯ 'ಖೋರ್'ನಿಂದ, ಅಂದರೆ ತಿನ್ನುವವನು ಎಂಬ ಮಾತಿನಿಂದ ಬಂದದ್ದು. ಲಂಚಕೋರನಿಗೂ ಅದೇ ಬಾಲ, ಲಂಚದ ವಿಷಯ ಹೇಳಿದ ಚಾಡಿಕೋರನಿಗೂ ಅದೇ ಬಾಲ. ನಮ್ಮ ಭಾಷೆ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. 'ಗವಾಹ್' ಅಥವಾ ಸಾಕ್ಷಿ ಎಂಬ ಪದಕ್ಕೆ ಮರ್ಯಾದೆ ಇದೆ ನಿಜ. ಆದರೆ ಸಾಕ್ಷಿ ಎಂದರೆ ಕರೆದಾಗ ಬರುವವನು. ಕರೆಯದೆ ಬಂದು ಹೇಳುವವನಿಗೆ ಎರಡು ಭಾಷೆಗಳಲ್ಲೂ ಒಳ್ಳೆಯ ಮಾತಿಲ್ಲ.

ಇದನ್ನು ಕೇವಲ ಪದಗಳ ಆಟವೆಂದು ತಳ್ಳಿಹಾಕುವಂತಿಲ್ಲ. ಕಾನೂನು ಬರೆಯುವವರೂ ಇದೇ ಭಾಷೆಗಳಲ್ಲಿ ಬೆಳೆದವರು. ಭಾಷೆಯಲ್ಲಿರುವ ಅನುಮಾನ ಕಾನೂನಿನ ಕಲಮುಗಳಲ್ಲೂ ಇಳಿದಿದೆ ಎಂಬುದನ್ನು ತೋರಿಸುವುದೇ ಈ ಬರಹದ ಉದ್ದೇಶ.

ಸತ್ಯೇಂದ್ರ ದುಬೆಯ ಪ್ರಕರಣವನ್ನು ನೆನಪಿಸಿಕೊಳ್ಳೋಣ. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿದ್ದುಕೊಂಡು ಜಾರ್ಖಂಡ್‌ನ ಕೋಡರ್ಮಾದಲ್ಲಿ ಸುವರ್ಣ ಚತುಷ್ಪಥ ಯೋಜನೆಯ ಕೆಲಸ ನೋಡಿಕೊಳ್ಳುತ್ತಿದ್ದರು. ಕಾಮಗಾರಿಯಲ್ಲಿ ನಡೆಯುತ್ತಿದ್ದ ಅವ್ಯವಹಾರದ ಬಗ್ಗೆ 2002ರ ನವೆಂಬರ್‌ನಲ್ಲಿ ನೇರವಾಗಿ ಪ್ರಧಾನಿಗೆ ಪತ್ರ ಬರೆದರು. ತನ್ನ ಹೆಸರನ್ನು ಗುಟ್ಟಾಗಿಡಬೇಕೆಂದು ಅದರಲ್ಲೇ ಕೇಳಿಕೊಂಡಿದ್ದರು. ಆ ಪತ್ರ ಪ್ರಧಾನಿ ಕಚೇರಿಯಿಂದ ಸಚಿವಾಲಯಕ್ಕೆ, ಅಲ್ಲಿಂದ ಪ್ರಾಧಿಕಾರಕ್ಕೆ, ಮೇಜಿನಿಂದ ಮೇಜಿಗೆ ಹೆಸರಿನ ಸಮೇತ ಸಾಗಿತು. ಒಂದು ವರ್ಷದ ನಂತರ, 2003ರ ನವೆಂಬರ್ 27ರ ಬೆಳಗಿನ ಜಾವ ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಇದು ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು. 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಕೊಲೆಗೂ ಪತ್ರಕ್ಕೂ ಸಂಬಂಧವಿತ್ತೇ ಎಂಬ ವಾದವನ್ನು ಇಲ್ಲಿ ಬಿಟ್ಟುಬಿಡೋಣ. ಪತ್ರಕ್ಕೆ ಆದದ್ದೇನು ಎಂಬುದನ್ನಷ್ಟೇ ನೋಡೋಣ. ದುಬೆ ಬಚ್ಚಿಡಿ ಎಂದದ್ದು ಹೆಸರನ್ನು, ತನಿಖೆ ಮಾಡಿ ಎಂದದ್ದು ವಿಷಯವನ್ನು. ಕಚೇರಿಗಳು ಮಾಡಿದ್ದು ತಿರುವುಮುರುವು. ಹೆಸರು ಬಯಲಾಯಿತು, ವಿಷಯ ಕಡತಗಳೊಳಗೆ ಗುಟ್ಟಾಗಿ ಉಳಿಯಿತು.

ನನಗೆ ತೋರುವ ಮಟ್ಟಿಗೆ ನಮ್ಮ ದೇಶದ ಇಡೀ ರೋಗ ಈ ಒಂದು ಸಾಲಿನಲ್ಲಿದೆ. ಒಬ್ಬನಿಗೆ ಮಾತ್ರ ಗೊತ್ತಿರುವ, ಅಥವಾ ಒಬ್ಬನೇ ಬರೆದಿಟ್ಟಿರುವ ಸತ್ಯವೇ ಆ ಒಬ್ಬನ ಪ್ರಾಣಕ್ಕೆ ಕುತ್ತು. ನೂರು ಜನರಿಗೆ ತಲುಪಿದ ಸತ್ಯಕ್ಕಾಗಿ ಒಬ್ಬನನ್ನು ಕೊಂದು ಲಾಭವಿಲ್ಲ. ಆದ್ದರಿಂದ ರಕ್ಷಣೆ ಎಂದರೆ ಗನ್‌ಮ್ಯಾನ್ ಕೊಡುವುದಷ್ಟೇ ಅಲ್ಲ. ಹೆಸರನ್ನು ಮುಚ್ಚಿ ವಿಷಯವನ್ನು ಬೇಗನೆ ತೆರೆಯುವುದೇ ಮೊದಲ ರಕ್ಷಣೆ. ಈ ಅಳತೆಗೋಲು ಹಿಡಿದು ನಮ್ಮ ಕಾನೂನನ್ನು ಓದಬೇಕು.

ಕಾನೂನಿನ ಕತೆಯೂ ಸಾಕಷ್ಟು ಉದ್ದವಾಗಿದೆ. ಇಂಥದ್ದೊಂದು ಕಾಯ್ದೆ ಬೇಕೆಂದು ಕಾನೂನು ಆಯೋಗ ತನ್ನ 179ನೇ ವರದಿಯಲ್ಲಿ ಹೇಳಿದ್ದು 2001ರಲ್ಲಿ, ಅಂದರೆ ದುಬೆ ಪತ್ರ ಬರೆಯುವುದಕ್ಕೂ ಮೊದಲೇ. ಅವರ ಸಾವಿನ ನಂತರ ಸುಪ್ರೀಂ ಕೋರ್ಟ್ ಒತ್ತಾಯಿಸಿದ ಮೇಲೆ 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಒಂದು ನಿರ್ಣಯ ಹೊರಡಿಸಿ, ದೂರು ಸ್ವೀಕರಿಸುವ ಹೊಣೆಯನ್ನು ಜಾಗೃತ ಆಯೋಗಕ್ಕೆ ಕೊಟ್ಟಿತು. ಮಸೂದೆ ಲೋಕಸಭೆಗೆ ಬಂದದ್ದು 2010ರಲ್ಲಿ, ಅಲ್ಲಿ ಅಂಗೀಕಾರವಾದದ್ದು 2011ರಲ್ಲಿ, ರಾಜ್ಯಸಭೆ ದಾಟಿದ್ದು 2014ರ ಫೆಬ್ರವರಿಯಲ್ಲಿ. ಅದೇ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕಾಯ್ದೆ ಯಾವ ದಿನದಿಂದ ಜಾರಿ ಎಂಬುದನ್ನು ಸರಕಾರ ಅಧಿಸೂಚನೆಯ ಮೂಲಕ ತಿಳಿಸಬೇಕೆಂದು ಅದರ ಮೊದಲ ಕಲಮಿನಲ್ಲೇ ಇದೆ. ಹತ್ತು ವರ್ಷ ತುಂಬಿದ ಮೇಲೂ ಆ ಅಧಿಸೂಚನೆ ಹೊರಬಿದ್ದಿಲ್ಲ. ಮಗುವಿಗೆ ಹೆಸರಿಟ್ಟು ಉಸಿರಾಡಲು ಬಿಡದ ಹಾಗೆ.

ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿಲ್ಲವೆಂದಲ್ಲ. ದೂರುದಾರನ ಹೆಸರನ್ನು ಬಯಲುಮಾಡಿದವರಿಗೆ ಮೂರು ವರ್ಷದವರೆಗೆ ಸೆರೆ, 50 ಸಾವಿರ ರೂಪಾಯಿಯವರೆಗೆ ದಂಡ ಎಂದಿದೆ. ದುಬೆ ಪ್ರಕರಣದಿಂದ ಕಲಿತ ಪಾಠ ಅದು. ಆದರೆ ಕತೆಗಾರನಾದವನು ಯಾವುದೇ ಪಠ್ಯವನ್ನು ಓದುವಾಗ, ಇದನ್ನು ಬರೆದವರು ಯಾವ ಪಾತ್ರವನ್ನು ನಂಬುತ್ತಾರೆ, ಯಾರನ್ನು ಅನುಮಾನಿಸುತ್ತಾರೆ ಎಂದು ಕೇಳಿಕೊಳ್ಳುತ್ತಾನೆ. ಹಾಗೆ ಓದಿದರೆ ಈ ಕಾಯ್ದೆಯ ನಾಯಕ ಬಹುಬೇಗ ಆರೋಪಿಯಾಗಿಬಿಡುತ್ತಾನೆ. ಹೆಸರಿಲ್ಲದ ದೂರನ್ನು ಮುಟ್ಟುವಂತಿಲ್ಲ. ಏಳು ವರ್ಷಕ್ಕಿಂತ ಹಳೆಯದಾದರೆ ವಿಚಾರಿಸುವಂತಿಲ್ಲ. ದುರುದ್ದೇಶದಿಂದ ಸುಳ್ಳು ದೂರು ಕೊಟ್ಟರೆ ಎರಡು ವರ್ಷದವರೆಗೆ ಸೆರೆ, 30 ಸಾವಿರದವರೆಗೆ ದಂಡ. ಆದರೆ ಆತನಿಗೆ ಕಿರುಕುಳವಾಗಬಾರದು ಎನ್ನುವ ಕಾಯ್ದೆ ಕಿರುಕುಳವೆಂದರೆ ಏನು ಎಂದು ಎಲ್ಲೂ ವಿವರಿಸುವುದಿಲ್ಲ. ವರ್ಗಾವಣೆಯೇ? ಬಡ್ತಿ ತಪ್ಪಿಸುವುದೇ? ಮೂಲೆಯಲ್ಲೊಂದು ಕುರ್ಚಿ ಹಾಕಿ ಕೆಲಸವನ್ನೇ ಕೊಡದಿರುವುದೇ? ನೌಕರಿಯಲ್ಲಿರುವವರೆಲ್ಲರಿಗೂ ಇದು ಗೊತ್ತು, ಕಾಯ್ದೆಗೆ ಮಾತ್ರ ಗೊತ್ತಿಲ್ಲ.

ಇದೂ ಹೆಚ್ಚಾಯಿತೆಂಬಂತೆ 2015ರಲ್ಲಿ ಒಂದು ತಿದ್ದುಪಡಿ ಮಸೂದೆ ಬಂತು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೊಡಬೇಕಾಗಿಲ್ಲ ಎಂದು ವಿನಾಯಿತಿ ಪಡೆದ ವಿಷಯಗಳ ಮಾದರಿಯಲ್ಲೇ ಹತ್ತು ಬಗೆಯ ವಿಷಯಗಳ ಬಗ್ಗೆ ದೂರು ಕೊಡುವುದನ್ನೇ ಅದು ನಿಷೇಧಿಸಲು ಹೊರಟಿತ್ತು. ಸಾರ್ವಜನಿಕರಿಗೆ ಕೊಡಲಾಗದ ಗುಟ್ಟನ್ನು ಸರಕಾರವೇ ನೇಮಿಸಿದ ಪ್ರಾಧಿಕಾರದ ಮುಂದೆ ಹೇಳುವುದೂ ತಪ್ಪು ಎಂದಂತಾಯಿತು. ಲೋಕಸಭೆ ಅದನ್ನು ಒಪ್ಪಿತು. ರಾಜ್ಯಸಭೆಯಲ್ಲಿ ಉಳಿದು, 2019ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದು ಬಿದ್ದುಹೋಯಿತು. ಮಸೂದೆ ಸತ್ತರೂ ಅದರ ಹಿಂದಿನ ಮನಸ್ಸು ಸತ್ತಂತೆ ಕಾಣುವುದಿಲ್ಲ.

ದೊಡ್ಡವರ ಮಾತು ಹಾಗಿರಲಿ. ನಾನು ಚಿಕ್ಕವನಿದ್ದಾಗ ನಮ್ಮ ಮೊಹಲ್ಲಾದ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ತಿಂಗಳಿಗೊಂದು ದಿನ ಬರುತ್ತಿತ್ತು, ಮಧ್ಯಾಹ್ನದೊಳಗೆ ಮುಗಿದು ಹೋಗುತ್ತಿತ್ತು. ಬೀಡಿ ಕಟ್ಟಿ ಬದುಕುತ್ತಿದ್ದ ನೆರೆಮನೆಯ ಚಾಚಾ ಒಬ್ಬರು, ಬ್ಯಾರಲ್ಲುಗಳು ರಾತ್ರಿ ಎಲ್ಲಿಗೆ ಹೋಗುತ್ತವೆಂದು ತಿಳಿದುಕೊಂಡು ಕಚೇರಿಗೆ ಅರ್ಜಿ ಕೊಟ್ಟು ಬಂದರು. ಮೂರನೆಯ ದಿನ ಕ್ಯೂನಲ್ಲಿ ನಿಂತಾಗ ಅಂಗಡಿಯವನು ಎಲ್ಲರಿಗೂ ಕೇಳಿಸುವಂತೆ, "ಏನ್ ಚಾಚಾ, ಅರ್ಜಿ ಬರಿಯೋಕೆ ಶುರು ಮಾಡಿದ್ದೀರಂತೆ? ಅಕ್ಷರ ಚೆನ್ನಾಗಿದೆ" ಎಂದ. ಕ್ಯೂನಲ್ಲಿದ್ದವರು ನಕ್ಕರು. ಅಂದಿನಿಂದ ಅವರ ಕಾರ್ಡಿಗೆ ಸೀಮೆಎಣ್ಣೆ ಸಿಗುವುದು ಕಷ್ಟವಾಯಿತು. ಅರ್ಜಿಯಲ್ಲಿದ್ದ ಬ್ಯಾರಲ್ಲಿನ ಲೆಕ್ಕ ಏನಾಯಿತೋ ಯಾರೂ ಕೇಳಲಿಲ್ಲ. ಪ್ರಧಾನಿ ಕಚೇರಿಯಲ್ಲಿ ಆದದ್ದು ಹಾಗೂ ನಮ್ಮ ಮೊಹಲ್ಲಾದಲ್ಲಿ ಆದದ್ದು ಒಂದೇ ಜಾತಿಯವು.

ಸೀಮೆಎಣ್ಣೆಯ ಪ್ರಸ್ತಾಪ ಬಂದುದರಿಂದ ಷಣ್ಮುಗಂ ಮಂಜುನಾಥ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಕೋಲಾರ ಚಿನ್ನದ ಗಣಿಯ ಹುಡುಗ. ಮೈಸೂರಿನಲ್ಲಿ ಎಂಜಿನಿಯರಿಂಗ್, ಲಕ್ನೋದ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿ ಇಂಡಿಯನ್ ಆಯಿಲ್ ಸೇರಿದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕ್‌ಗಳ ಮೇಲೆ ಕ್ರಮ ಕೈಗೊಂಡರು. 2005ರ ನವೆಂಬರ್ 19ರಂದು ಅವರ ಕೊಲೆಯಾಯಿತು. ದೇಹ ಸಿಕ್ಕಿದ್ದು ಅವರದೇ ಕಾರಿನಲ್ಲಿ. ಆಗ ಅವರಿಗೆ 27 ವರ್ಷ. ಬಡವರಿಗೆಂದು ಸಹಾಯಧನ ಕೊಟ್ಟು ಅಗ್ಗ ಮಾಡಿದ ಸೀಮೆಎಣ್ಣೆಗೂ ಡೀಸೆಲ್‌ಗೂ ಇದ್ದ ಬೆಲೆಯ ಅಂತರವೇ ಆ ದಂಧೆಯ ಬಂಡವಾಳವಾಗಿತ್ತು. ಅದೇ ದಂಧೆ 2011ರ ಜನವರಿಯಲ್ಲಿ ಮಹಾರಾಷ್ಟ್ರದ ಮನ್ಮಾಡ್ ಬಳಿ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ಜೀವಂತ ಸುಟ್ಟಿತು.

ಮಂಜುನಾಥ್ ಮೇಲಿನವರಿಗೆ ಗುಟ್ಟಾಗಿ ಪತ್ರ ಬರೆದವರಲ್ಲ. ತನ್ನ ದಿನದ ಕೆಲಸ ಮಾಡಿದವರು. ಆದರೂ ಅದೇ ಅಳತೆಗೋಲು ಇಲ್ಲಿಯೂ ಅನ್ವಯಿಸುತ್ತದೆ. ಕಲಬೆರಕೆಯ ವಿಷಯ ಊರಿಗೆಲ್ಲ ಗೊತ್ತಿರುವಂಥದ್ದು. ಅದನ್ನು ಕಾಗದದ ಮೇಲೆ ತರಬಲ್ಲವನು ಒಬ್ಬನೇ. ಇಡೀ ಪ್ರದೇಶದ ದಂಧೆ ಒಬ್ಬ ಕಿರಿಯ ಅಧಿಕಾರಿಯ ಪೆನ್ನಿನ ಮೊನೆಯಲ್ಲಿ ನಿಂತಿದ್ದಾಗ, ಆತನನ್ನು ಕೊಳ್ಳಲಾಗದಿದ್ದರೆ ಕೊಲ್ಲುವುದು ದಂಧೆಯವರಿಗೆ ಅಗ್ಗದ ಲೆಕ್ಕ. ಬಂಕ್‌ನ ಮಾದರಿ ತೆಗೆದ ದಿನವೇ ಅದರ ಫಲಿತಾಂಶ ಬಂಕ್‌ನ ಗೋಡೆಯ ಮೇಲೆ, ಕಂಪೆನಿಯ ಜಾಲತಾಣದಲ್ಲಿ ಬರಬೇಕೆಂಬ ನಿಯಮವಿದ್ದರೆ ಆ ಲೆಕ್ಕ ಬುಡಮೇಲಾಗುತ್ತದೆ. ಒಬ್ಬಂಟಿ ತಪಾಸಣೆಗೆ ಕಳುಹಿಸದಿರುವುದು, ಫಲಿತಾಂಶವನ್ನು ಬಚ್ಚಿಡದಿರುವುದು ಇವಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ಕಂಪೆನಿಗೆ ಮನಸ್ಸಿದ್ದರೆ ಸಾಕು.

ಮಂಜುನಾಥ್ ಕೊಲೆ ಪ್ರಕರಣದಲ್ಲಿ ಶಿಕ್ಷೆ ಆಯಿತು. ಕೆಳ ನ್ಯಾಯಾಲಯ 2007ರಲ್ಲಿ ಮುಖ್ಯ ಆರೋಪಿಗೆ ಮರಣದಂಡನೆ ವಿಧಿಸಿತು, ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು. ಐಐಎಂನ ಹಳೆಯ ವಿದ್ಯಾರ್ಥಿಗಳು ಟ್ರಸ್ಟ್ ಕಟ್ಟಿ ಮೊಕದ್ದಮೆಯ ಬೆನ್ನುಹತ್ತಿದ್ದು ಇದಕ್ಕೆ ದೊಡ್ಡ ಕಾರಣ. ಸಂದೀಪ್ ವರ್ಮಾ ಅವರ ಹಿಂದಿ ಚಿತ್ರ 'ಮಂಜುನಾಥ್' ಕೂಡ ಬಂತು, ಕಾಯ್ದೆಗೆ ಅಂಕಿತ ಬಿದ್ದ 2014ರ ಅದೇ ಮೇ ತಿಂಗಳಲ್ಲಿ. ಇದೆಲ್ಲ ಅಭಿಮಾನದ ವಿಷಯವೇ. ಆದರೆ ಹುತಾತ್ಮರ ಬಗೆಗಿನ ನಮ್ಮ ಪ್ರೀತಿಯಲ್ಲಿ ಒಂದು ಸುಲಭದ ದಾರಿ ಇದೆ. ಸತ್ತವನಿಗೆ ಹಾರ ಹಾಕಿದರೆ ಸಾಕು, ಬದುಕಿರುವವನ ಪಕ್ಕದಲ್ಲಿ ನಿಂತರೆ ನಮ್ಮ ಬಡ್ತಿಯೂ ಹೋಗಬಹುದು. ಇನ್ನೊಂದು ಮಾತು. ನಾವು ಹೆಸರು ನೆನಪಿಟ್ಟುಕೊಂಡಿರುವ ದುಬೆ, ಮಂಜುನಾಥ್ ಇಬ್ಬರೂ ದೊಡ್ಡ ಸಂಸ್ಥೆಗಳಲ್ಲಿ ಓದಿದವರು. ಬೆಂಗಳೂರಿನಲ್ಲಿ ಕಾರ್ಪೊರೇಟರ್ ಕುಟುಂಬದ ಆಸ್ತಿಯ ಬಗ್ಗೆ ಲೋಕಾಯುಕ್ತಕ್ಕೆ ದೂರು ಕೊಟ್ಟ ಲಿಂಗರಾಜು ಎಂಬವರನ್ನು 2012ರ ನವೆಂಬರ್‌ನಲ್ಲಿ ಕಡಿದು ಕೊಂದರು. ಅವರ ಹೆಸರು ಎಷ್ಟು ಜನರಿಗೆ ನೆನಪಿದೆ?

ಖಾಸಗಿ ಕಂಪೆನಿಗಳ ವಿಷಯಕ್ಕೆ ಬಂದರೆ 2014ರ ಕಾಯ್ದೆ ಅವುಗಳ ಬಾಗಿಲಿಗೇ ಹೋಗುವುದಿಲ್ಲ. ಅದು ಸಾರ್ವಜನಿಕ ಸೇವಕರ ವಿರುದ್ಧದ ದೂರಿಗೆ ಮಾತ್ರ. 2013ರ ಕಂಪೆನಿ ಕಾಯ್ದೆ ಷೇರುಪೇಟೆಯಲ್ಲಿರುವ ಹಾಗೂ ಇನ್ನು ಕೆಲವು ಬಗೆಯ ಕಂಪೆನಿಗಳಲ್ಲಿ ದೂರು ಸ್ವೀಕರಿಸುವ ಒಂದು ಜಾಗೃತ ವ್ಯವಸ್ಥೆ ಇರಬೇಕೆನ್ನುತ್ತದೆ. ದೂರು ಕಂಪೆನಿಯದೇ ಲೆಕ್ಕಪರಿಶೋಧನಾ ಸಮಿತಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಅದು ಹೊರಬರಲೇಬೇಕೆಂಬ ಕಟ್ಟಳೆ ಇಲ್ಲ. ಇಲ್ಲಿಯೂ ವಿಷಯ ಒಳಗೇ ಉಳಿಯುತ್ತದೆ.

ವಿಷಯ ಹೊರಬಂದರೆ ಕಂಪೆನಿ ಮುಳುಗುತ್ತದೆ, ಸುಳ್ಳು ದೂರುಗಳಿಂದ ಪ್ರಾಮಾಣಿಕರ ಮಾನ ಹೋಗುತ್ತದೆ ಎಂಬ ಆಕ್ಷೇಪವಿದೆ. ಇದನ್ನು ಲಘುವಾಗಿ ನೋಡಬಾರದು. ಮೂಗರ್ಜಿಯಿಂದ ನೊಂದ ಒಳ್ಳೆಯ ಅಧಿಕಾರಿಗಳೂ ಇದ್ದಾರೆ. ಆದರೆ ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಂಪೆನಿಯದೇ ಉದಾಹರಣೆ ನೋಡಿ. ಕಂಪೆನಿಯ ಮುಖ್ಯಸ್ಥರು ಲೆಕ್ಕಪತ್ರಗಳಲ್ಲಿ ಸರಿಯಲ್ಲದ ಕೆಲಸ ಮಾಡುತ್ತಿದ್ದಾರೆಂದು 'ನೈತಿಕ ನೌಕರರು' ಎಂದಷ್ಟೇ ಹೇಳಿಕೊಂಡವರು ಬರೆದ ಹೆಸರಿಲ್ಲದ ಪತ್ರ 2019ರ ಅಕ್ಟೋಬರ್‌ನಲ್ಲಿ ಬಯಲಿಗೆ ಬಂತು. ಷೇರಿನ ಬೆಲೆ ಒಂದೇ ದಿನ ಸುಮಾರು ಶೇ. 16ರಷ್ಟು ಕುಸಿಯಿತು. ಹೊರಗಿನ ವಕೀಲರ ನೆರವಿನಿಂದ ತನಿಖೆ ನಡೆಯಿತು. ಆರೋಪಗಳಿಗೆ ಆಧಾರವಿಲ್ಲವೆಂದು 2020ರ ಜನವರಿಯಲ್ಲಿ ಲೆಕ್ಕಪರಿಶೋಧನಾ ಸಮಿತಿ ಹೇಳಿತು. ಕಂಪೆನಿ ಮುಳುಗಲಿಲ್ಲ, ಮುಖ್ಯಸ್ಥರು ಹುದ್ದೆಯಲ್ಲೇ ಮುಂದುವರಿದರು, ಪತ್ರ ಬರೆದವರ ಪ್ರಾಣವೂ ಹೋಗಲಿಲ್ಲ. ಹೆಸರಿಲ್ಲದ ಒಂದು ಮೂಗರ್ಜಿಯನ್ನು ತೆರೆದು ವಿಚಾರಿಸಿದ್ದರಿಂದ ಆರೋಪ ಹೊತ್ತವರಿಗೇ ಉಪಕಾರವಾಯಿತು. ಮುಚ್ಚಿಟ್ಟಿದ್ದರೆ ಅನುಮಾನ ಉಳಿದುಬಿಡುತ್ತಿತ್ತು. ಸುಳ್ಳಿಗೆ ಮದ್ದು ತನಿಖೆಯೇ ಹೊರತು ಬೆದರಿಕೆಯಲ್ಲ.

ರ‍್ಯಾನ್‌ಬ್ಯಾಕ್ಸಿಯ ಪ್ರಕರಣ ಇನ್ನೂ ಸ್ಪಷ್ಟ. ಕಂಪೆನಿ ಔಷಧ ಪರೀಕ್ಷೆಯ ಅಂಕಿಅಂಶಗಳನ್ನು ಹುಟ್ಟುಹಾಕುತ್ತಿದೆ ಎಂಬುದನ್ನು ಒಳಗಿದ್ದ ದಿನೇಶ್ ಠಾಕೂರ್ ಕಂಡುಕೊಂಡರು. 2005ರಲ್ಲಿ ಕೆಲಸ ಬಿಟ್ಟು, ಬೇರೆ ಹೆಸರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಬರೆದರು. ಅಲ್ಲಿನ ಕಾನೂನಿನ ಪ್ರಕಾರ ಮೊಕದ್ದಮೆಯನ್ನು ಮುದ್ರೆ ಹಾಕಿ ಮುಚ್ಚಿಡಲಾಯಿತು, ಆ ಮರೆಯಲ್ಲಿ ವರ್ಷಗಟ್ಟಲೆ ತನಿಖೆ ನಡೆಯಿತು. 2013ರಲ್ಲಿ ಕಂಪೆನಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆತ್ತಿತು. ಅದರಲ್ಲಿ ಸುಮಾರು 4.8 ಕೋಟಿ ಡಾಲರ್ ಠಾಕೂರ್ ಅವರ ಪಾಲಿಗೆ ಬಂತು. ತಪ್ಪು ನಡೆದದ್ದು ಭಾರತದ ಕಾರ್ಖಾನೆಗಳಲ್ಲಿ, ತಪ್ಪು ಮಾಡಿದ್ದು ಭಾರತದ ಕಂಪೆನಿ, ಹೇಳಿದವನೂ ಭಾರತದಲ್ಲಿ ಹುಟ್ಟಿದವನು. ಕಾಪಾಡಿದ್ದು ಮಾತ್ರ ಪರದೇಶದ ಕಾನೂನು. ಬಹುಮಾನದ ಹಣ ಇಲ್ಲಿ ಮುಖ್ಯವಲ್ಲ, ಕ್ರಮ ಮುಖ್ಯ. ಹೆಸರಿಗೆ ಮುದ್ರೆ, ವಿಷಯಕ್ಕೆ ತನಿಖೆ, ಕೊನೆಗೆ ಎಲ್ಲವೂ ಜನರ ಮುಂದೆ.

ಕಚೇರಿ, ಕಂಪೆನಿಗಳ ಒಳಗಿರುವವರಿಗಿಂತ ದುರ್ಬಲರು ಹೊರಗಿದ್ದಾರೆ. ಗಣಿಯ ಪಕ್ಕದ ಹಳ್ಳಿಯವರು, ಕಾರ್ಖಾನೆಯ ಕೆಳಗಿನ ಹೊಳೆಯ ನೀರು ಕುಡಿಯುವವರು, ಅವರ ಪರವಾಗಿ ಅರ್ಜಿ ಬರೆಯುವವರು. ವಿಶ್ವಸಂಸ್ಥೆ 1998ರಲ್ಲೇ ಇಂಥವರನ್ನು ಮಾನವ ಹಕ್ಕುಗಳ ರಕ್ಷಕರೆಂದು ಗುರುತಿಸಿ ಘೋಷಣೆ ಹೊರಡಿಸಿದೆ. ಇವರಿಗಾಗಿ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ವ್ಯಾಪಾರ ಮತ್ತು ಮಾನವ ಹಕ್ಕುಗಳ ರಾಷ್ಟ್ರೀಯ ಕಾರ್ಯಯೋಜನೆಗೆ 2019ರಲ್ಲಿ ಒಂದು ಕರಡು ಬಂತು. ಕರಡಿನಿಂದ ಯಾರ ತಲೆಯೂ ಉಳಿಯುವುದಿಲ್ಲ. ಗಿರ್ ಅರಣ್ಯದ ಸುತ್ತಲಿನ ಅಕ್ರಮ ಗಣಿಗಾರಿಕೆಯ ವಿರುದ್ಧ ಹೋರಾಡುತ್ತಿದ್ದ ಅಮಿತ್ ಜೇಠ್ವಾ ಅವರನ್ನು 2010ರ ಜುಲೈ 20ರಂದು ಗುಜರಾತ್ ಹೈಕೋರ್ಟಿನ ಎದುರಿನಲ್ಲೇ ಗುಂಡಿಕ್ಕಿ ಕೊಂದರು. ವಿಚಾರಣೆಯಲ್ಲಿ ನೂರಕ್ಕೂ ಹೆಚ್ಚು ಸಾಕ್ಷಿಗಳು ತಿರುಗಿಬಿದ್ದರು. 2019ರಲ್ಲಿ ಸಿಬಿಐ ನ್ಯಾಯಾಲಯ ಮಾಜಿ ಸಂಸದರೊಬ್ಬರ ಸಹಿತ ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು, 2024ರಲ್ಲಿ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಹಾಗಾದರೆ ಜೇಠ್ವಾ ಅವರನ್ನು ಕೊಂದವರು ಯಾರು?

ಈ ಕತ್ತಲಿನಲ್ಲಿ ನನಗೆ ಸರಿಯಾದ ದಾರಿಯೆಂದು ಕಾಣುವುದು ಕೇಂದ್ರ ಮಾಹಿತಿ ಆಯೋಗ 2011ರ ಸೆಪ್ಟೆಂಬರ್‌ನಲ್ಲಿ ಮಾಡಿದ ಒಂದು ಪುಟ್ಟ ನಿರ್ಣಯ. ಅದರ ಹಿಂದಿನ ತಿಂಗಳಷ್ಟೇ ಭೋಪಾಲದಲ್ಲಿ ಮಾಹಿತಿ ಹಕ್ಕು ಕಾರ್ಯಕರ್ತೆ ಶೆಹ್ಲಾ ಮಸೂದ್ ಅವರ ಕೊಲೆಯಾಗಿತ್ತು. ಮಾಹಿತಿ ಕೇಳಿದವರ ಮೇಲೆ ಹಲ್ಲೆ ಅಥವಾ ಕೊಲೆ ನಡೆದರೆ, ಅವರು ಕೇಳಿದ್ದ ಮಾಹಿತಿಯನ್ನು ಸಂಬಂಧಪಟ್ಟ ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕು ಎಂಬುದು ಅದರ ಸಾರ. ನೀನು ಅವನನ್ನು ಹೊಡೆದರೆ, ಅವನು ಕೇಳಿದ್ದನ್ನು ನಾವು ಊರಿಗೆಲ್ಲ ಕೊಡುತ್ತೇವೆ ಎಂಬ ಎಚ್ಚರಿಕೆ. ಕೊಲೆಗಾರನ ಲೆಕ್ಕಾಚಾರವನ್ನೇ ತಲೆಕೆಳಗು ಮಾಡುವ ಬುದ್ಧಿ ಇದರಲ್ಲಿದೆ. ಇದನ್ನು ನಿರ್ಣಯದ ಮಟ್ಟದಲ್ಲಿ ಬಿಡದೆ ಕಾಯ್ದೆಯೊಳಗೆ ತರಬೇಕಾಗಿತ್ತು. ನಾವು ನಡೆದದ್ದು ಎದುರು ದಿಕ್ಕಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, ಮಾಹಿತಿ ಹಕ್ಕಿನ ವೈಯಕ್ತಿಕ ಮಾಹಿತಿಯ ಕಲಮನ್ನು ತಿದ್ದಿ, ಅಲ್ಲಿದ್ದ ಸಾರ್ವಜನಿಕ ಹಿತಾಸಕ್ತಿಯ ಮಾತನ್ನು ತೆಗೆದುಹಾಕಿತು. ಇನ್ನು ಮುಂದೆ ತಿಂದವನ ಹೆಸರು 'ವೈಯಕ್ತಿಕ' ಎನಿಸಿಕೊಂಡು ಮರೆಯಲ್ಲಿ ಉಳಿಯಬಹುದು. ಹೇಳಿದವನ ಹೆಸರಿಗೆ ಮಾತ್ರ ಅಂಥ ಮರೆ ಸಿಗುವ ಕಾಯ್ದೆ ಕಪಾಟಿನಲ್ಲೇ ಇದೆ.

ಸರಕಾರಗಳೂ ಕಂಪೆನಿಗಳೂ ಪಾರದರ್ಶಕತೆಯ ಬಗ್ಗೆ ಹೊಳೆಯುವ ಕಾಗದದ ಮೇಲೆ ವರದಿಗಳನ್ನು ಅಚ್ಚು ಹಾಕಿಸುತ್ತಲೇ ಇರುತ್ತವೆ. ಅವನ್ನು ಕೈಗೆತ್ತಿಕೊಂಡಾಗ ಓದುಗರು ಎರಡೇ ಪ್ರಶ್ನೆ ಕೇಳಿದರೆ ಸಾಕು. ಕಳೆದ ವರ್ಷ ನಿಮಗೆ ಬಂದ ದೂರುಗಳಲ್ಲಿ ಯಾವ ಯಾವ ವಿಷಯ ಹೊರಬಂತು? ದೂರು ಕೊಟ್ಟವರು ಈಗ ಯಾವ ಕುರ್ಚಿಯಲ್ಲಿ ಕೂತಿದ್ದಾರೆ? ಈ ಎರಡಕ್ಕೆ ಉತ್ತರವಿಲ್ಲದ ನೀತಿ ಎಷ್ಟೇ ಪುಟಗಳಿದ್ದರೂ, ಯಾರ ರುಜು ಇದ್ದರೂ, ಅದೇ ನಿಜವಾದ ಮೂಗರ್ಜಿ.